ಪೆಡಲ್ ಕಯಾಕ್‌ನ ಡೊಂಕಾದ ಫಿನ್ ಸರಳು: ದುರಸ್ತಿಯ ಮಿತಿ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ ಮತ್ತು ಕಾಲಮಾನ

ಮೀನು ಹಿಡಿಯಲು ಬಳಸುವ ಪೆಡಲ್ ಕಯಾಕ್‌ಗಳು ಸ್ಥೂಲವಾಗಿ ಎರಡು ಬಗೆ. ಒಂದರಲ್ಲಿ ಪೆಡಲ್ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಇನ್ನೊಂದರಲ್ಲಿ ದೋಣಿಯ ತಳದಡಿ ಜೋಡಿ ಫಿನ್‌ಗಳು ಎಡಬಲಕ್ಕೆ ಬೀಸುತ್ತವೆ. ಇಲ್ಲಿ ಪರಿಶೀಲಿಸಿರುವುದು ಮುಖ್ಯವಾಗಿ ಎರಡನೆಯದನ್ನು, ಅಂದರೆ ಕ್ಯಾಲಿಫೋರ್ನಿಯಾದ ಹೋಬಿ ಕ್ಯಾಟ್ ಕಂಪನಿಯ ಮಿರಾಜ್‌ಡ್ರೈವ್ ಮಾದರಿಯನ್ನು. ಇದು ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಈ ಚಾಲನೆಗೆ ಸಂಬಂಧಿಸಿದ, ಗ್ರೆಗ್ ಕೆಟರ್‌ಮನ್ ಹೆಸರಿನ ಅಮೆರಿಕದ ಪೇಟೆಂಟ್ 6,022,249 ಮಂಜೂರಾದ ದಿನಾಂಕ 2000ರ ಫೆಬ್ರವರಿ 8. ಆದ್ದರಿಂದ ಪೇಟೆಂಟಿನ ವರ್ಷವನ್ನು ಉತ್ಪಾದನೆಯ ಆರಂಭವೆಂದು ಹಿಡಿದರೆ ಮೂರು ವರ್ಷ ತಪ್ಪುತ್ತದೆ. ಹಿಮ್ಮುಖ ಚಾಲನೆಯುಳ್ಳ 180 ಮಾದರಿ ಬಂದದ್ದು 2016ರಲ್ಲಿ. ಬಿಡಿಭಾಗ ತರಿಸುವವರು ಮೊದಲು ತಲೆಮಾರನ್ನು ಖಚಿತಪಡಿಸಿಕೊಳ್ಳುವುದು ಲೇಸು: ಸರಳಿನ ದಪ್ಪವೂ ಜೋಡಣೆಯೂ ಎಲ್ಲದರಲ್ಲಿ ಒಂದೇ ಅಲ್ಲ.

2. ಡೊಂಕಿನ ಯಾಂತ್ರಿಕತೆ

ಪ್ರತಿ ಫಿನ್ನಿನ ಮುಂಗಡೆಯೊಳಗೆ ಒಂದು ಸ್ಟೇನ್‌ಲೆಸ್ ಸ್ಟೀಲ್ ಸರಳು ಇರುತ್ತದೆ. ಅದರ ಬುಡ ಸ್ಪ್ರಾಕೆಟ್‌ಗೆ ಥ್ರೆಡ್ ಮೂಲಕ ಕೂರುತ್ತದೆ. ಫಿನ್ ಈ ಸರಳಿನ ಸುತ್ತ ಸಲೀಸಾಗಿ ಹೊರಳಿದರೆ ಮಾತ್ರ ಬೀಸಿನ ಎರಡೂ ದಿಕ್ಕಿನಲ್ಲಿ ನೂಕುಬಲ ಹುಟ್ಟುತ್ತದೆ. ಆಳವಿಲ್ಲದ ನೀರಿನಲ್ಲಿ ಬಂಡೆಗೆ ತಾಗಿ ಸರಳು ಬಾಗಿದರೆ, ನಷ್ಟ ನೋಟಕ್ಕೆ ಸೀಮಿತವಲ್ಲ, ಹೊರಳಿಕೆಯೇ ಬಿಗಿಯಾಗುತ್ತದೆ.

ಉದಾಹರಣೆಗೆ 8 ಮಿ.ಮೀ. ವ್ಯಾಸದ, ಮೆದುಗೊಳಿಸಿದ 304 ದರ್ಜೆಯ ಸರಳನ್ನು ಊಹಿಸಿಕೊಳ್ಳಬಹುದು. ಯೀಲ್ಡ್ ಮಿತಿಯನ್ನು 205 ಮೆಗಾಪ್ಯಾಸ್ಕಲ್ ಎಂದಿಟ್ಟುಕೊಂಡರೆ ಹೊರಪದರ ಶಾಶ್ವತವಾಗಿ ಬಾಗತೊಡಗುವ ಬಾಗುಬಲ ಸುಮಾರು 10.3 ನ್ಯೂಟನ್-ಮೀಟರ್. ಬುಡದಿಂದ 300 ಮಿ.ಮೀ. ದೂರದಲ್ಲಿ ಇದು ಸುಮಾರು 3.5 ಕಿಲೋಗ್ರಾಂ ಭಾರಕ್ಕೆ ಸಮ. ವ್ಯಾಸ 12 ಮಿ.ಮೀ. ಆದರೆ ಇದೇ ಬಲ 3.4 ಪಟ್ಟಾಗುತ್ತದೆ, ಏಕೆಂದರೆ ಅದು ವ್ಯಾಸದ ಘನಕ್ಕೆ ಅನುಗುಣ. ತಣ್ಣಗೆ ಎಳೆದು ತಯಾರಿಸಿದ ಸರಳಿನ ಮಿತಿ ಗಣನೀಯವಾಗಿ ಹೆಚ್ಚು. ಮೇಲಿನ ಅಂಕಿಗಳನ್ನು ಕೆಳಮಿತಿ ಎಂದಷ್ಟೇ ಓದಬೇಕು.

3. ಅಳತೆ

ಕಣ್ಣಳತೆ ಇಲ್ಲಿ ಸಾಲದು. ಫಿನ್ ಕಳಚಿದ ಸರಳನ್ನು ದಪ್ಪ ಗಾಜಿನ ಮೇಲೆ ಉರುಳಿಸಿ, ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯಬಹುದು. ಎರಡು ವಿ-ಬ್ಲಾಕ್‌ಗಳ ನಡುವೆ ತಿರುಗಿಸಿ ಡಯಲ್ ಗೇಜ್ ಓದುವುದು ಇನ್ನೂ ನಿಖರ. ಆದರೆ ಒಂದು ಎಚ್ಚರಿಕೆ: ಪೂರ್ಣ ಸುತ್ತಿನಲ್ಲಿ ಗೇಜ್ ತೋರಿಸುವುದು ನಿಜವಾದ ಬಾಗಿನ ಎರಡರಷ್ಟು. ದುರಸ್ತಿ ಕುರಿತ ಮಾತುಗಳಲ್ಲಿ ಕಾಣುವ ವ್ಯತ್ಯಾಸಗಳಿಗೆ ಈ ಅರ್ಧ-ಪೂರ್ಣದ ಗೊಂದಲವೂ ಒಂದು ಕಾರಣವಿರಬಹುದು.

4. ನೆಟ್ಟಗೆ ಮಾಡುವುದು

ಮೆದು ದವಡೆಯ ವೈಸ್‌ನಲ್ಲಿ ಹಿಡಿದು, ಡೊಂಕಿರುವ ಜಾಗದಲ್ಲೇ, ನಿಧಾನವಾಗಿ, ಹಂತಹಂತವಾಗಿ ಒತ್ತಬೇಕು. ಸುತ್ತಿಗೆಯ ಪೆಟ್ಟು ಸೂಕ್ತವಲ್ಲ. ಮೇಲಿನ ಉದಾಹರಣೆಯ ಸರಳಿನ ತುದಿ ಸುಮಾರು 8 ಮಿ.ಮೀ.ವರೆಗೆ ಬಾಗಿಯೂ ಪೂರ್ತಿ ಹಿಂದಕ್ಕೆ ಬರಬಲ್ಲದು. ಹಾಗಾಗಿ ನೇರ ರೇಖೆಯನ್ನು ದಾಟಿ ಒತ್ತದೆ ಗತ್ಯಂತರವಿಲ್ಲ.

ಕಾಯಿಸುವುದನ್ನು ಬಿಡಬೇಕು. 304 ದರ್ಜೆಯಲ್ಲಿ ಸುಮಾರು 425ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಕಣಗಳ ಅಂಚಿನಲ್ಲಿ ಕ್ರೋಮಿಯಂ ಕಾರ್ಬೈಡ್ ಕೂಡುವ ಸಾಧ್ಯತೆಯಿದೆ. ಉಪ್ಪುನೀರಿನಲ್ಲಿ ತುಕ್ಕು ಅಲ್ಲಿಂದಲೇ ಒಳಹೊಗುತ್ತದೆ.

ನೆಟ್ಟಗಾದ ಸರಳು ಹಳೆಯ ಸರಳೇ ಎನ್ನಲಾಗದು. ಒಂದು ದಿಕ್ಕಿಗೆ ಬಾಗಿದ ಲೋಹ ವಿರುದ್ಧ ದಿಕ್ಕಿನಲ್ಲಿ ಕಡಿಮೆ ಬಲಕ್ಕೇ ಮಣಿಯುತ್ತದೆ. ಇದು ಬೌಶಿಂಗರ್ ಪರಿಣಾಮ. ಆಧಾರವಾಗಿ ಬೌಶಿಂಗರ್ ಅವರ 1881ರ ಲೇಖನವನ್ನು ಕೆಲವರು, 1886ರ ಲೇಖನವನ್ನು ಕೆಲವರು ಉಲ್ಲೇಖಿಸುತ್ತಾರೆ. ಫಿನ್ ಎರಡೂ ದಿಕ್ಕಿಗೆ ಬೀಸುವುದರಿಂದ ಈ ಅಂಶ ಇಲ್ಲಿ ಅಪ್ರಸ್ತುತವಲ್ಲ.

5. ಅಲ್ಯೂಮಿನಿಯಂ ಭಾಗಗಳು

ಕ್ರ್ಯಾಂಕ್ ತೋಳು 6061-ಟಿ6 ಮಿಶ್ರಲೋಹದ್ದಾಗಿದ್ದರೆ ಲೆಕ್ಕ ಬೇರೆ. ಅದರ ಯೀಲ್ಡ್ ಮಿತಿ ಸುಮಾರು 276 ಮೆಗಾಪ್ಯಾಸ್ಕಲ್ ಇದ್ದರೂ ಮುರಿಯುವ ಮುನ್ನ ಹಿಗ್ಗುವುದು ಶೇ. 10ರ ಆಸುಪಾಸು; ಮೆದುಗೊಳಿಸಿದ 304ರಲ್ಲಿ ಅದು ಶೇ. 40ಕ್ಕೂ ಹೆಚ್ಚು. ಕಾಯಿಸಿದರೆ ಟಿ6 ಹದವೇ ಕೆಡುತ್ತದೆ. ಕಣ್ಣಿಗೆ ಕಾಣುವಷ್ಟು ಬಾಗಿದ ತೋಳನ್ನು ಬದಲಿಸುವುದೇ ಯುಕ್ತ.

6. ನಿರ್ಣಯ

ಸರಳಿನ ನಡುಭಾಗದ ಸಣ್ಣ ಡೊಂಕನ್ನು ಒಮ್ಮೆ ತಣ್ಣಗೆ ನೆಟ್ಟಗೆ ಮಾಡಬಹುದು. ಬಳಿಕ ಡೈ ಪೆನೆಟ್ರಂಟ್ ಹಚ್ಚಿ ಬಿರುಕು ಪರೀಕ್ಷಿಸಬೇಕು. ಡೊಂಕು ಥ್ರೆಡ್‌ನ ಮೇಲೆ ಅಥವಾ ಅದರ ಅಂಚಿನಲ್ಲಿದ್ದರೆ ದುರಸ್ತಿ ಸಲ್ಲದು, ಹೊಸ ಸರಳನ್ನೇ ಹಾಕಬೇಕು.