ಪ್ರಾಸಂಗಿಕ ಸ್ಮರಣೆ: ಬಣ್ಣ ಮತ್ತು ಪದ

ನೆನಪಿಡಬೇಕೆಂಬ ಉದ್ದೇಶವಿಲ್ಲದೆ, ಬೇರೆ ಕೆಲಸದ ನಡುವೆ ತಾನಾಗಿ ಉಳಿದುಬಿಡುವ ನೆನಪೇ ಪ್ರಾಸಂಗಿಕ ಸ್ಮರಣೆ. ಅದನ್ನು ಅಳೆಯುವ ವಿಧಾನದಲ್ಲಿ ತುಸು ಕಪಟವಿದೆ: ಪರೀಕ್ಷೆಯ ಸುಳಿವು ಕೊಡದೆ ಏನೋ ಕೆಲಸ ಮಾಡಿಸಿ, ದಿಢೀರನೆ ಪ್ರಶ್ನೆ ಕೇಳುವುದು. ಒಮ್ಮೆ ಕೇಳಿಸಿಕೊಂಡವರು ಎಚ್ಚೆತ್ತುಬಿಡುವುದರಿಂದ ಮೊದಲ ಉತ್ತರಕ್ಕೇ ಬೆಲೆ.

ಗಮನ ಸೆಳೆಯುವುದರಲ್ಲಿ ಬಣ್ಣಕ್ಕೂ ಪದಕ್ಕೂ ಸಮಬಲವಿಲ್ಲ. 1935ರಲ್ಲಿ ಅಮೆರಿಕದ ಜೆ. ರಿಡ್ಲಿ ಸ್ಟ್ರೂಪ್, ಬಣ್ಣಗಳ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಮುದ್ರಿಸಿ, ಶಾಯಿಯ ಬಣ್ಣವನ್ನು ಹೇಳಿಸಿದರು. 100 ಬಣ್ಣದ ಚೌಕಗಳಿಗೆ ಸರಾಸರಿ 63 ಸೆಕೆಂಡು ಸಾಕಾಗಿದ್ದರೆ, ಅಷ್ಟೇ ಪದಗಳಿಗೆ 110 ಸೆಕೆಂಡು ಹಿಡಿಯಿತು. ಹಸಿರು ಶಾಯಿಯಲ್ಲಿ ‘ಕೆಂಪು’ ಎಂದು ಬರೆದಿದ್ದರೆ ಕನ್ನಡ ಓದಬಲ್ಲವರೂ ಹೀಗೇ ತಡವರಿಸುತ್ತಾರೆ. ಲಿಪಿ ಬಾರದವರಿಗೆ ಆ ಕಾಟವಿಲ್ಲ. ಪದವನ್ನು ಕಂಡೂ ಓದದೆ ಬಿಡುವುದು ಅಕ್ಷರಸ್ಥರಿಗೆ ಕಷ್ಟ.

ಆದರೆ ಓದಿದ್ದೆಲ್ಲ ಉಳಿಯುವುದಿಲ್ಲ. ಪದದ ಯಾವ ಗುಣಕ್ಕೆ ಗಮನ ಕೊಟ್ಟೆವು ಎಂಬುದು ಇಲ್ಲಿ ನಿರ್ಣಾಯಕ. 1969ರಲ್ಲಿ ಹೈಡ್ ಮತ್ತು ಜೆಂಕಿನ್ಸ್ ಕೆಲವರಿಂದ ಪದಗಳಲ್ಲಿ ‘ಇ’ ಎಂಬ ಇಂಗ್ಲಿಷ್ ಅಕ್ಷರವನ್ನು ಹುಡುಕಿಸಿದರು, ಇನ್ನು ಕೆಲವರಿಂದ ಪದ ಹಿತವೋ ಅಹಿತವೋ ಎಂದು ಹೇಳಿಸಿದರು. ಎರಡನೆಯ ಗುಂಪು, ಉರು ಹೊಡೆಯಲೆಂದೇ ಕುಳಿತವರಷ್ಟು ಪದಗಳನ್ನು ನೆನಪಿಸಿಕೊಂಡಿತು. ಕಲಿಯುವ ಛಲಕ್ಕಿಂತ ಅರ್ಥದ ಗಮನ ಹೆಚ್ಚು ಕೆಲಸ ಮಾಡುತ್ತದೆಂಬ ಈ ಫಲಿತಾಂಶವನ್ನು 1975ರಲ್ಲಿ ಕ್ರೇಕ್ ಮತ್ತು ಟುಲ್ವಿಂಗ್ ಟೊರಾಂಟೊದಲ್ಲಿ ಇನ್ನಷ್ಟು ಗಟ್ಟಿಗೊಳಿಸಿದರು. ಇದಕ್ಕೂ ಮಿತಿಯುಂಟು: ಪ್ರಾಸದ ಪರೀಕ್ಷೆ ಕೊಟ್ಟರೆ, ಪ್ರಾಸಕ್ಕೆ ಕಿವಿಗೊಟ್ಟವರೇ ಮುಂದೆ ಎಂದು 1977ರಲ್ಲಿ ಮಾರಿಸ್, ಬ್ರಾನ್ಸ್‌ಫರ್ಡ್ ಮತ್ತು ಫ್ರಾಂಕ್ಸ್ ತೋರಿಸಿದರು.

ಬಣ್ಣದ ಮೂಲಕ ಗಮನವನ್ನು ಬೇರ್ಪಡಿಸಿದ ಪ್ರಯೋಗ ರಾಕ್ ಮತ್ತು ಗಟ್‌ಮನ್ ಅವರದು (1981). ಒಂದರ ಮೇಲೊಂದು ಬಿಡಿಸಿದ ಕೆಂಪು, ಹಸಿರು ಆಕೃತಿಗಳಲ್ಲಿ ಒಂದೇ ಬಣ್ಣದ್ದನ್ನು ನೋಡಿ ಅಂದಚಂದ ಅಳೆಯಬೇಕಿತ್ತು. ಅದೇ ಜಾಗದಲ್ಲಿದ್ದ ಇನ್ನೊಂದು ಬಣ್ಣದ ಆಕೃತಿ ಆಮೇಲೆ ಗುರುತೇ ಹತ್ತಲಿಲ್ಲ.

ಗಮನ ಕೊಟ್ಟದ್ದೂ ಜಾರಬಹುದೆಂಬುದು ಇನ್ನೂ ವಿಚಿತ್ರ. ಚೆನ್ ಮತ್ತು ವೈಬಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಬಣ್ಣದ ಮೂರು ಅಂಕಿಗಳ ನಡುವೆ ಒಂದು ಅಕ್ಷರ ಎಲ್ಲಿದೆಯೆಂದು ಜನ ಮತ್ತೆ ಮತ್ತೆ ಸರಿಯಾಗಿ ತೋರಿಸಿದರು. ಅದು ಯಾವ ಅಕ್ಷರ, ಯಾವ ಬಣ್ಣ ಎಂದು ಥಟ್ಟನೆ ಕೇಳಿದಾಗ ಉತ್ತರಗಳು ಬರೀ ಊಹೆಯ ಮಟ್ಟಕ್ಕೆ ಇಳಿದವು. ಅದೇ ಪ್ರಶ್ನೆಯನ್ನು ಮುಂದಿನ ಸರದಿಯಲ್ಲಿ ಕೇಳಿದಾಗ ಸರಿಯುತ್ತರಗಳು ಗಣನೀಯವಾಗಿ ಹೆಚ್ಚಿದವು.