ಒಂದು ಕಾಳು ಮೆಣಸಿನ ಬಾಡಿಗೆ: ಇಂಗ್ಲೆಂಡಿನ ಗುತ್ತಿಗೆ ಮನೆಯ ಪೂರ್ವಾಪರ

ಬೆಂಗಳೂರಿನಲ್ಲಿ 'ಮನೆ ಲೀಸ್‌ಗೆ ಹಾಕ್ಕೊಂಡಿದ್ದೀವಿ' ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಂದಿಷ್ಟು ಲಕ್ಷ ರೂಪಾಯಿಯನ್ನು ಮಾಲೀಕರ ಕೈಗೆ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆಯ ತಂಟೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಹಣ ವಾಪಸು ಪಡೆಯುವ ಏರ್ಪಾಡು ಅದು. ಹಳೆಯ ಹೆಸರು ಭೋಗ್ಯ. ಇದೇ ಅರ್ಥವನ್ನು ತಲೆಯಲ್ಲಿಟ್ಟುಕೊಂಡು ಲಂಡನ್ನಿನಲ್ಲಿ ಫ್ಲ್ಯಾಟ್ ನೋಡಲು ಹೊರಟ ಕನ್ನಡಿಗರಿಗೆ ಗೊಂದಲ ತಪ್ಪಿದ್ದಲ್ಲ. ಅಲ್ಲಿ ಪೂರ್ತಿ ಕ್ರಯದ ಹಣ ತೆತ್ತು, ಬ್ಯಾಂಕ್ ಸಾಲ ತೆಗೆದು, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೆಸರು ಏರಿಸಿಕೊಂಡ ಮೇಲೂ ಪತ್ರದಲ್ಲಿ ನೀವು 'ಟೆನೆಂಟ್', ನಿಮ್ಮ ಆಸ್ತಿ 'ಲೀಸ್‌ಹೋಲ್ಡ್', ಅವಧಿ 99, 125 ಅಥವಾ 999 ವರ್ಷ. ಇಂಗ್ಲೆಂಡಿನ ಹೆಚ್ಚುಕಡಿಮೆ ಐದು ಮನೆಗಳಲ್ಲಿ ಒಂದು ಈ ಬಗೆಯದು. ಫ್ಲ್ಯಾಟ್‌ಗಳಂತೂ ಬಹುಪಾಲು ಹೀಗೇ. ವೇಲ್ಸ್‌ನಲ್ಲೂ ಇದೇ ಪದ್ಧತಿ ಬೇರೂರಿದೆ. ಸ್ಕಾಟ್ಲೆಂಡಿನ ದಾರಿ ಬೇರೆ.

ಮನೆ ನನ್ನದೋ ಅಲ್ಲವೋ, ಕೊಂಡ ಮೇಲೂ ನೆಲಬಾಡಿಗೆ ಯಾಕೆ, ಅವಧಿ ತೀರಿದರೆ ಗತಿಯೇನು ಎಂದು ಕೊಳ್ಳುವವರು ವಕೀಲರನ್ನು ಕೇಳುತ್ತಾರೆ. ಈ ಪ್ರಶ್ನೆಗಳ ಬೇರು 13ನೇ ಶತಮಾನದವರೆಗೆ ಇಳಿದಿದೆ, ಮತ್ತು ಅಲ್ಲಿ ಸಿಗುವುದು ನಮ್ಮ ಭೋಗ್ಯದ ದಾಯಾದಿಯೇ ಎಂಬುದು ಈ ಲೇಖನದ ವಾದ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡ್ಡಿ ತೆಗೆದುಕೊಳ್ಳುವುದು ಇಗರ್ಜಿಯ ಕಣ್ಣಿನಲ್ಲಿ ಪಾಪ. ಹಣ ಬೇಕಾದ ಜಮೀನ್ದಾರ ಸಾಲಕ್ಕೆ ಬದಲು ಭೂಮಿಯನ್ನು ಇಂತಿಷ್ಟು ವರ್ಷಕ್ಕೆಂದು ಬಿಟ್ಟುಕೊಡುತ್ತಿದ್ದ. ಹಣ ಕೊಟ್ಟವನು ಬೆಳೆಯಲ್ಲಿ ಅಸಲನ್ನೂ ಲಾಭವನ್ನೂ ಎತ್ತಿಕೊಳ್ಳುತ್ತಿದ್ದ. ಅಸಲು ಬೆಳೆಯಲ್ಲೇ ತೀರುವ ಭೋಗ್ಯವನ್ನು ಬಲ್ಲ ನಮ್ಮ ರೈತನಿಗೆ ಇದು ಕೂಡಲೇ ಅರ್ಥವಾಗುತ್ತಿತ್ತು. ಮೇಟ್‌ಲ್ಯಾಂಡ್ ಅವರು ಪೊಲಾಕ್ ಜೊತೆಗೂಡಿ 1895ರಲ್ಲಿ ಹೊರತಂದ ಇಂಗ್ಲಿಷ್ ಕಾನೂನಿನ ಚರಿತ್ರೆಯಲ್ಲಿ ಈ ಸಂಬಂಧವನ್ನು ಗುರುತಿಸಿದ್ದಾರೆ. ಅವಧಿಯ ಹಕ್ಕು ಹಣ ಹೂಡುವ ಒಂದು ಬಗೆಯಾಗಿದ್ದರಿಂದ ನ್ಯಾಯಾಲಯಗಳು ಅದನ್ನು ಹಣದ ಸಾಲಿನಲ್ಲೇ ಇಟ್ಟವು. ದನಕರು, ಪಾತ್ರೆಪಡಗದಂತೆ ಅದೂ ಚರಾಸ್ತಿ. ಇದರಿಂದ ಒಂದು ಅನುಕೂಲವೂ ಇತ್ತು: 1540ಕ್ಕೆ ಮುಂಚೆ ಸಾಮಾನ್ಯ ಕಾನೂನು ಖಾಯಂ ಭೂಮಿಯನ್ನು ಉಯಿಲಿನಲ್ಲಿ ಬರೆಯಲು ಬಿಡುತ್ತಿರಲಿಲ್ಲ, ಗುತ್ತಿಗೆಯನ್ನು ಬರೆಯಬಹುದಿತ್ತು. ಅನನುಕೂಲ ಇದಕ್ಕಿಂತ ದೊಡ್ಡದು. ಗುತ್ತಿಗೆದಾರನನ್ನು ಯಾರಾದರೂ ಒಕ್ಕಲೆಬ್ಬಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ನಷ್ಟಪರಿಹಾರ ಸಿಗುತ್ತಿತ್ತೇ ಹೊರತು ಭೂಮಿ ಸಿಗುತ್ತಿರಲಿಲ್ಲ.

ಭೂಮಿಯೇ ಮರಳಿ ಸಿಗುವಂತಾದದ್ದು 1499ರ ಹೊತ್ತಿಗೆ. ಆ ಬಳಿಕ ನಡೆದದ್ದು ಇಂಗ್ಲಿಷ್ ನ್ಯಾಯಾಂಗದ ಅತ್ಯಂತ ತಮಾಷೆಯ ಅಧ್ಯಾಯ. ಗುತ್ತಿಗೆದಾರನ ಈ ದಾವೆ ಚುರುಕಾಗಿತ್ತು. ಖಾಯಂ ಒಡೆಯರ ಹಳೆಯ ದಾವೆಗಳು ಮುಗಿಯುವ ಲಕ್ಷಣವೇ ಇಲ್ಲದಂತಿದ್ದವು. ಹಾಗಾಗಿ ಒಡೆಯರೇ ಗುತ್ತಿಗೆಯ ವೇಷ ತೊಟ್ಟರು. ಜಾನ್ ಡೋ ಎಂಬ ಇಲ್ಲದ ಮನುಷ್ಯನಿಗೆ ಜಮೀನನ್ನು ಗುತ್ತಿಗೆ ಕೊಟ್ಟಿದ್ದೆ, ರಿಚರ್ಡ್ ರೋ ಎಂಬ ಇನ್ನೊಬ್ಬ ಇಲ್ಲದ ಮನುಷ್ಯ ಅವನನ್ನು ಹೊರದಬ್ಬಿದ ಎಂದು ದಾವೆ ಹೂಡುವುದು. ಜಾನ್ ಡೋಗೆ ಹಕ್ಕಿತ್ತೇ ಎಂದು ನೋಡುವ ನೆಪದಲ್ಲಿ ಒಡೆಯನ ಹಕ್ಕನ್ನು ತೀರ್ಮಾನಿಸುವುದು. ಇದು ಸುಳ್ಳೆಂದು ನ್ಯಾಯಾಧೀಶರಿಗೂ ಗೊತ್ತು, ಎದುರುವಾದಿಗೂ ಗೊತ್ತು. 1852ರ ಕಾಯ್ದೆ ಈ ನಾಟಕಕ್ಕೆ ತೆರೆ ಎಳೆಯಿತು.

ಗುತ್ತಿಗೆ ಹೊಲದಿಂದ ಪಟ್ಟಣಕ್ಕೆ ಬಂದದ್ದು ಶ್ರೀಮಂತ ಮನೆತನಗಳ ಕೈಹಿಡಿದು. 1677ರಲ್ಲಿ ಮೇರಿ ಡೇವಿಸ್ ಎಂಬ 12 ವರ್ಷದ ಹುಡುಗಿಯನ್ನು ಸರ್ ಥಾಮಸ್ ಗ್ರೋವ್ನರ್‌ಗೆ ಮದುವೆ ಮಾಡಿಕೊಟ್ಟರು. ಅವಳ ಜೊತೆ ಬಂದದ್ದು ಲಂಡನ್ನಿನ ಪಶ್ಚಿಮಕ್ಕೆ ಸುಮಾರು 500 ಎಕರೆ ಜೌಗು ಮತ್ತು ಹುಲ್ಲುಗಾವಲು. ಇಂದು ಅದರ ಹೆಸರು ಮೇಫೇರ್, ಬೆಲ್ಗ್ರೇವಿಯ, ಪಿಮ್ಲಿಕೊ. ಮನೆತನ ನೆಲವನ್ನು ಮಾರಲಿಲ್ಲ. ಬಿಲ್ಡರಿಗೆ ದೀರ್ಘಾವಧಿಗೆ ಗುತ್ತಿಗೆ ಕೊಟ್ಟಿತು. ಆತ ಸ್ವಂತ ಖರ್ಚಿನಲ್ಲಿ ಕಟ್ಟಬೇಕು, ವರ್ಷಕ್ಕಿಷ್ಟು ನೆಲಬಾಡಿಗೆ ಕಟ್ಟಬೇಕು. ಅವಧಿ ತೀರಿದ ದಿನ ಕಟ್ಟಡವೂ ಸೇರಿ ಎಲ್ಲವೂ ಮನೆತನಕ್ಕೆ ವಾಪಸು. ನೆಲಕ್ಕೆ ಅಂಟಿದ್ದೆಲ್ಲ ನೆಲದ ಒಡೆಯನದೇ ಎಂಬ ಸೂತ್ರ ಇದಕ್ಕೆ ಆಧಾರ. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆ ಬಹುಮಟ್ಟಿಗೆ ಇಂಗ್ಲಿಷ್ ಅಚ್ಚಿನದೇ, ಆದರೂ ಇಲ್ಲಿ ಅದು ಬೇರೆ ದಾರಿ ಹಿಡಿಯಿತು: ವ್ಯತಿರಿಕ್ತ ಕರಾರಿಲ್ಲದಿದ್ದರೆ ತಾನು ನೆಲಕ್ಕೆ ಜೋಡಿಸಿದ್ದನ್ನು ಗುತ್ತಿಗೆದಾರ ಬಿಚ್ಚಿಕೊಂಡು ಹೋಗಬಹುದೆಂದು 108ನೇ ಸೆಕ್ಷನ್ ಹೇಳುತ್ತದೆ.

ಇಷ್ಟೆಲ್ಲ ಶ್ರೀಮಂತರ ಲೋಭದ ಕತೆ ಎಂದುಕೊಂಡರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. 20ನೇ ಶತಮಾನದಲ್ಲಿ ಫ್ಲ್ಯಾಟ್‌ಗಳು ಮಾರಾಟಕ್ಕೆ ಬಂದಾಗ, ನೆಲದ ಮೇಲೆ ಮಮಕಾರವಿಲ್ಲದ ಬಿಲ್ಡರುಗಳೂ ಗುತ್ತಿಗೆಯನ್ನೇ ಆರಿಸಿಕೊಂಡರು. ಕಾರಣ ನೋಡಬೇಕೆಂದರೆ ಸಾಮರ್ಸೆಟ್‌ನ ಒಂದು ಸೋರುವ ಸೂರಿನ ಕೆಳಗೆ ನಿಲ್ಲಬೇಕು. 1960ರಲ್ಲಿ ಒಂದು ಮನೆಯನ್ನು ಎರಡು ಭಾಗ ಮಾಡಿ, ಪಕ್ಕದ ಕಾಟೇಜನ್ನು ಖಾಯಂ ಹಕ್ಕಿಗೇ ಮಾರಿದರು. ಕಾಟೇಜಿನ ಮಲಗುವ ಕೋಣೆಯೊಂದರ ಮೇಲೆ ಇದ್ದದ್ದು ದೊಡ್ಡ ಮನೆಯ ಸೂರು. ಅದನ್ನು ಗಾಳಿ ಮಳೆ ನುಗ್ಗದಂತೆ ಕಾಯುತ್ತೇನೆ ಎಂದು ಮಾರಿದವರು ಪತ್ರದಲ್ಲಿ ಬರೆದುಕೊಟ್ಟರು. ಎರಡೂ ಮನೆಗಳು ಕೈ ಬದಲಾದವು, ಸೂರು ಸೋರಿತು, ರಿಪೇರಿ ಯಾರದೆಂಬ ವ್ಯಾಜ್ಯ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1994ರ ರೋನ್ ವಿರುದ್ಧ ಸ್ಟೀಫನ್ಸ್ ತೀರ್ಪು ಇದು: ಮಾಡಬೇಡ ಎಂಬ ಷರತ್ತು ಮುಂದಿನ ಕ್ರಯದಾರರನ್ನು ಕಟ್ಟಬಹುದು (1848ರ ಟಲ್ಕ್ ವಿರುದ್ಧ ಮಾಕ್ಸ್‌ಹೇ ಪ್ರಕರಣ ಲೆಸ್ಟರ್ ಚೌಕದ ತೋಟವನ್ನು ಉಳಿಸಿದ್ದು ಹಾಗೆ), ಗಂಟಿನಿಂದ ಹಣ ತೆಗೆದು ಮಾಡು ಎಂಬ ಷರತ್ತು ಕಟ್ಟದು. ಬರೆದುಕೊಟ್ಟವರು ಹೋದರು, ಹೊಸ ಮಾಲೀಕರಿಗೆ ಹೊಣೆಯಿಲ್ಲ.

ಹತ್ತು ಅಂತಸ್ತಿನ ಕಟ್ಟಡಕ್ಕೆ ಈ ನಿಯಮ ಅನ್ವಯಿಸಿ ನೋಡಿ. ಲಿಫ್ಟು, ಸೂರು, ಒಳಚರಂಡಿ, ಎಲ್ಲಕ್ಕೂ ಪಾಲಿನ ಹಣ ಬೇಕು. ಖಾಯಂ ಹಕ್ಕಿಗೆ ಮಾರಿದ ಫ್ಲ್ಯಾಟ್‌ನ ಎರಡನೆಯ ಕ್ರಯದಾರ ಕೈಯೆತ್ತಬಹುದು. ಗುತ್ತಿಗೆಯಲ್ಲಾದರೆ 1583ರ ಸ್ಪೆನ್ಸರ್ ಪ್ರಕರಣದಿಂದಲೂ ಷರತ್ತು ಕೈಯಿಂದ ಕೈಗೆ ಹರಿಯುತ್ತದೆ. ಇಂಗ್ಲಿಷ್ ಫ್ಲ್ಯಾಟ್ ಗುತ್ತಿಗೆಗೆ ಅಂಟಿಕೊಂಡದ್ದು ಈ ಅನುಕೂಲಕ್ಕಾಗಿ. ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಫ್ಲ್ಯಾಟ್‌ನ ಜೊತೆಗೆ ನೆಲದ ಅವಿಭಾಜ್ಯ ಪಾಲನ್ನೂ ಕೊಡುವ ಹಾದಿ ತೆರೆದಿತ್ತು. ಅದನ್ನು ಪಾಲಿಸುವುದರಲ್ಲಿನ ನಮ್ಮ ಉಡಾಫೆ ಬೇರೆ ಮಾತು.

ಅಂಟಿಕೊಂಡದ್ದನ್ನು ಬಿಡಿಸುವ ಯತ್ನ ತಡವಾಗಿ ಶುರುವಾಯಿತು. 1967ರ ಕಾಯ್ದೆ, ದೀರ್ಘ ಗುತ್ತಿಗೆಯ ಮನೆಗಳಲ್ಲಿ ವಾಸವಿದ್ದವರಿಗೆ ನೆಲವನ್ನೇ ಕೊಳ್ಳುವ ಹಕ್ಕು ಕೊಟ್ಟಿತು. ಗ್ರೋವ್ನರ್ ವಂಶದ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್‌ರ ಟ್ರಸ್ಟಿಗಳು ಬೆಲ್ಗ್ರೇವಿಯದಲ್ಲಿ ಹೀಗೆ ಕೈಬಿಟ್ಟ ಸುಮಾರು 80 ಮನೆಗಳ ಬಗ್ಗೆ ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋಗಿ 1986ರಲ್ಲಿ ಸೋತರು. ಫ್ಲ್ಯಾಟ್‌ಗಳವರಿಗೆ ಒಟ್ಟುಗೂಡಿ ಕೊಳ್ಳುವ ಹಕ್ಕು ಸಿಕ್ಕಿದ್ದು 1993ರಲ್ಲಿ. ನಮ್ಮ ಕರಾವಳಿಯ ಮೂಲಗೇಣಿದಾರರಿಗೆ ಒಡೆತನ ಕೊಡುವ ಕರ್ನಾಟಕದ ಕಾಯ್ದೆ 2011ರದು. ಎರಡನ್ನೂ ಎದುರುಬದುರು ಇಟ್ಟು ಓದುವ ಕೆಲಸ ಯಾರಾದರೂ ಕೈಗೆತ್ತಿಕೊಳ್ಳಬೇಕು.

ಅವಧಿ 80 ವರ್ಷಕ್ಕಿಂತ ಕೆಳಗಿಳಿದ ಗುತ್ತಿಗೆಯನ್ನು ವಿಸ್ತರಿಸುವಾಗ ಒಡೆಯರಿಗೆ ಹೆಚ್ಚುವರಿ ಕೊಡಬೇಕು. ಇದರ ಕಾನೂನಿನ ಹೆಸರು 'ಮ್ಯಾರೇಜ್ ವ್ಯಾಲ್ಯೂ'. ನೆಲಕ್ಕೂ ಗುತ್ತಿಗೆಗೂ ಮದುವೆಯಾದಾಗ ಹುಟ್ಟುವ ಬೆಲೆಯಂತೆ, ವರದಕ್ಷಿಣೆ ಎಂದರೂ ನಡೆಯುತ್ತದೆ. ಇದನ್ನು ತೆಗೆದು, ವಿಸ್ತರಣೆಯನ್ನು 990 ವರ್ಷಕ್ಕೆ ಏರಿಸುವ ಸೆಕ್ಷನ್‌ಗಳು 2024ರ ಕಾಯ್ದೆಯಲ್ಲಿವೆ. ಆದರೆ ಕಾಯ್ದೆಗೆ ಅಂಕಿತ ಬಿದ್ದ ದಿನವೇ ಅವು ಜಾರಿಯಾಗಲಿಲ್ಲ. ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ನೆಲಬಾಡಿಗೆಯ ಹಗರಣ ಹೊರಬಿದ್ದ ಮೇಲೆ, 2022ರ ಜೂನ್ 30ರಿಂದ ಹೊಸ ದೀರ್ಘ ಗುತ್ತಿಗೆಗಳ ನೆಲಬಾಡಿಗೆಯನ್ನು ವರ್ಷಕ್ಕೆ 'ಒಂದು ಕಾಳು ಮೆಣಸಿಗೆ' ಇಳಿಸಲಾಯಿತು, ಅಂದರೆ ಶೂನ್ಯಕ್ಕೆ. ಪಶ್ಚಿಮ ಘಟ್ಟದ ಬಳ್ಳಿಯಿಂದ ಹಡಗು ಹತ್ತಿದ ಆ ಕಾಳು ಒಂದು ಕಾಲಕ್ಕೆ ಅಲ್ಲಿ ಬಾಡಿಗೆ ಕಟ್ಟುವಷ್ಟು ಬೆಲೆಬಾಳುತ್ತಿತ್ತು. ಹಳೆಯ ಗುತ್ತಿಗೆಗಳಿಗೆ ಈ ರಿಯಾಯಿತಿ ಇಲ್ಲ. ಹಾಗಾಗಿ ಅಲ್ಲಿ ಹಳೆಯ ಫ್ಲ್ಯಾಟ್ ನೋಡುವವರು ಅಡುಗೆಮನೆಗಿಂತ ಮೊದಲು ಗುತ್ತಿಗೆ ಪತ್ರ ತರಿಸಿ, ಉಳಿದ ವರ್ಷ ಎಷ್ಟು, ಬಾಡಿಗೆ ಏರುವ ಷರತ್ತು ಯಾವುದು ಎಂದು ನೋಡಬೇಕು.

ಗುತ್ತಿಗೆಯ ಹಂಗಿಲ್ಲದೆ ಫ್ಲ್ಯಾಟ್ ಕೊಳ್ಳುವ 'ಕಾಮನ್‌ಹೋಲ್ಡ್' ಪದ್ಧತಿಯನ್ನು ಪಾರ್ಲಿಮೆಂಟ್ 2002ರಲ್ಲೇ ಶಾಸನ ಮಾಡಿತು, 2004ರಲ್ಲಿ ಜಾರಿಗೂ ತಂದಿತು. 2020ರಲ್ಲಿ ಲಾ ಕಮಿಷನ್ ಲೆಕ್ಕ ಹಾಕಿದಾಗ ಇಂಗ್ಲೆಂಡ್ ವೇಲ್ಸ್ ಎರಡರಲ್ಲೂ ಸೇರಿ ಅಂಥ ಯೋಜನೆಗಳು ಇಪ್ಪತ್ತನ್ನೂ ಮುಟ್ಟಿರಲಿಲ್ಲ.