ಜೇಬಿಲ್ಲದ ಕುರ್ತಾ ಮತ್ತು ಒಂದು ಪ್ರಶ್ನೆ: ಫ್ಯಾಷನ್ ಚರಿತ್ರೆಯನ್ನು ಹೊಲಿದ ಹೆಣ್ಣುಮಕ್ಕಳು ಯಾರು?

ಕಳೆದ ತಿಂಗಳು ಒಂದು ಕುರ್ತಾ ತಗೊಂಡೆ. ಮನೆಗೆ ಬಂದು ಹಾಕಿ ನೋಡಿದರೆ ಜೇಬೇ ಇಲ್ಲ. ಮೊಬೈಲ್ ಇಡೋದೆಲ್ಲಿ, ಬಸ್ ಟಿಕೆಟ್ ಇಡೋದೆಲ್ಲಿ ಅಂತ ಗೊಣಗುತ್ತಿದ್ದಾಗ, ಇಪ್ಪತ್ತು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಿರುವ ನನ್ನ ಚಿಕ್ಕಮ್ಮ ನಕ್ಕರು. "ಜೇಬು ಅಂದ್ರೆ ಬಟ್ಟೆ ಜಾಸ್ತಿ, ಹೊಲಿಗೆ ಜಾಸ್ತಿ ಕಣೆ. ಒಂದು ಪೀಸಲ್ಲಿ ಅರ್ಧ ನಿಮಿಷ ಉಳಿದ್ರೂ ಅವರಿಗೆ ಲಾಭ. ನಿನ್ನ ಮೊಬೈಲಿನ ಚಿಂತೆ ಯಾರಿಗಿದೆ?"

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಹೆಣ್ಣಿನ ಬಟ್ಟೆ ಹೇಗಿರಬೇಕು ಅಂತ ತೀರ್ಮಾನ ಮಾಡೋದು ಯಾರು? ಹೊಲಿಯೋದು ಯಾರು? ಹೆಸರು ಬರೋದು ಯಾರಿಗೆ? ಫ್ಯಾಷನ್ ಚರಿತ್ರೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬ್ರ್ಯಾಂಡ್‌ಗಳ ಹೆಸರಿರುತ್ತದೆ, ಈ ಮೂರು ಪ್ರಶ್ನೆಗಳಿರುವುದಿಲ್ಲ. ಆದ್ದರಿಂದ ನಾನೇ ಒಂದು ಪಟ್ಟಿ ಮಾಡಿಕೊಂಡೆ. ಇದು ಪೂರ್ಣ ಚರಿತ್ರೆಯಲ್ಲ. ಆದರೆ ಬಟ್ಟೆಯ ಹಿಂದಿನ ರಾಜಕಾರಣ ಅರ್ಥ ಮಾಡಿಕೊಳ್ಳಲು ಇಷ್ಟು ಹೆಸರುಗಳಾದರೂ ನಮಗೆ ಗೊತ್ತಿರಬೇಕು.

ಹೊಲಿಯುವ ಹಕ್ಕಿಗೂ ಹೋರಾಟ

ಹೊಲಿಗೆ ಹೆಂಗಸರ ಕೆಲಸ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ 17ನೇ ಶತಮಾನದ ಪ್ಯಾರಿಸ್‌ನಲ್ಲಿ ದುಡ್ಡು ಬರುವ ಹೊಲಿಗೆ ಗಂಡಸರ ಕೈಯಲ್ಲಿತ್ತು. ದರ್ಜಿಗಳ ಸಂಘಕ್ಕೆ ಸೇರಿದವರಿಗೆ ಮಾತ್ರ ಅಧಿಕೃತವಾಗಿ ಬಟ್ಟೆ ಹೊಲಿಯುವ ಹಕ್ಕು. ಹೊಲಿಗೆಯ ಹೆಂಗಸರು ಕದ್ದುಮುಚ್ಚಿ ಕೆಲಸ ಮಾಡಬೇಕಿತ್ತು. 1675ರಲ್ಲಿ 14ನೇ ಲೂಯಿ ದೊರೆ ಅವರಿಗೆ ತಮ್ಮದೇ ಸಂಘ ಕಟ್ಟಿಕೊಳ್ಳಲು ಅನುಮತಿ ಕೊಟ್ಟ. ಹೆಂಗಸರ ಮತ್ತು ಮಕ್ಕಳ ಉಡುಪು ಹೊಲಿಯಲು ಅವರಿಗೆ ಕಾನೂನಿನ ರಕ್ಷಣೆ ಸಿಕ್ಕಿತು.

ನೂರು ವರ್ಷದ ನಂತರ ಅದೇ ಊರಿನಲ್ಲಿ ರೋಸ್ ಬೆರ್ತಾಂ (1747-1813) ಎಂಬ ಸಾಮಾನ್ಯ ಮನೆತನದ ಹೆಣ್ಣುಮಗಳು ರಾಣಿ ಮರೀ ಆಂತ್ವನೆತ್‌ಳ ಉಡುಪಿನ ಉಸ್ತುವಾರಿ ಹೊತ್ತಳು. ಜನ ಆಕೆಯನ್ನು 'ಫ್ಯಾಷನ್ ಮಂತ್ರಿ' ಅಂತ ವ್ಯಂಗ್ಯವಾಗಿ ಕರೆದರು. ರಾಣಿಯ ದುಂದುವೆಚ್ಚ ಜನರ ಸಿಟ್ಟಿಗೆ ಕಾರಣವಾಯಿತು ಅನ್ನೋದು ನಿಜ. ಆದರೆ 1783ರಲ್ಲಿ ರಾಣಿ ಸಾದಾ ಬಿಳಿ ಮಸ್ಲಿನ್ ಉಡುಪಿನಲ್ಲಿರುವ ಚಿತ್ರ ಪ್ರದರ್ಶನಕ್ಕಿಟ್ಟಾಗಲೂ ಗಲಾಟೆಯಾಯಿತು. ರಾಣಿಗೆ ಇಂಥ ಬಟ್ಟೆ ಶೋಭೆಯಲ್ಲ ಅಂದರು. ಚಿತ್ರವನ್ನು ತೆಗೆದುಹಾಕಬೇಕಾಯಿತು. ದುಬಾರಿ ಉಟ್ಟರೂ ತಪ್ಪು, ಸರಳ ಉಟ್ಟರೂ ತಪ್ಪು!

ತಿರುವಾಂಕೂರಿನ ಹೆಸರಿಲ್ಲದ ಹೆಂಗಸರು

ಫ್ಯಾಷನ್ ಪುಸ್ತಕಗಳಲ್ಲಿ ಇವರು ಸಿಗುವುದಿಲ್ಲ. ಆದರೆ ನನ್ನ ಪಟ್ಟಿಯಲ್ಲಿ ಇವರಿಗೆ ಮೊದಲ ಸಾಲಿನ ಜಾಗ. ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಮುಂತಾದ ಸಮುದಾಯಗಳ ಹೆಂಗಸರು ಮೇಲ್ಜಾತಿಯವರ ಎದುರು ಎದೆ ಮುಚ್ಚಿಕೊಳ್ಳುವಂತಿರಲಿಲ್ಲ. ಬಟ್ಟೆ ಅಲ್ಲಿ ಜಾತಿಯ ಗುರುತಿನ ಚೀಟಿಯಾಗಿತ್ತು. 19ನೇ ಶತಮಾನದ ಮೊದಲಾರ್ಧದಲ್ಲಿ ಈ ಹೆಂಗಸರು ರವಿಕೆ ತೊಟ್ಟು, ಮೇಲುವಸ್ತ್ರ ಹೊದ್ದು ಬೀದಿಗೆ ಬಂದರು. ಬಟ್ಟೆ ಹರಿದರು, ಹೊಡೆದರು, ಮನೆಗಳಿಗೆ ಬೆಂಕಿ ಇಟ್ಟರು. ಇವರು ಬಿಡಲಿಲ್ಲ. 1859ರಲ್ಲಿ ಮಹಾರಾಜರು ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳಬಹುದು ಎಂದು ಘೋಷಣೆ ಹೊರಡಿಸಬೇಕಾಯಿತು. ಅದರಲ್ಲೂ ಒಂದು ಷರತ್ತು: ಮೇಲ್ಜಾತಿ ಹೆಂಗಸರ ಹಾಗೆ ಮಾತ್ರ ಉಡಬಾರದು.

ಆ ಷರತ್ತನ್ನು ಇನ್ನೊಮ್ಮೆ ಓದಿ. ಬಟ್ಟೆ ಹಾಕಬಹುದು, ಆದರೆ ಸಮಾನರಂತೆ ಕಾಣಬಾರದು.

ಇಂದಿನ ಸೀರೆಗೆ ಒಂದು ಚರಿತ್ರೆಯಿದೆ

ಸೀರೆ ಸಾವಿರಾರು ವರ್ಷಗಳಿಂದ ಹೀಗೇ ಇದೆ ಅಂತ ಯಾರಾದರೂ ಹೇಳಿದರೆ ಜ್ಞಾನದಾನಂದಿನಿ ದೇವಿಯ (1850-1941) ಹೆಸರು ಹೇಳಿ. ಠಾಗೂರ್ ಮನೆತನದ ಸೊಸೆ ಈಕೆ. ಪತಿ ಸತ್ಯೇಂದ್ರನಾಥ್ ಐಸಿಎಸ್ ಸೇರಿದ ಮೊದಲ ಭಾರತೀಯ. 1864ರಲ್ಲಿ ಬೊಂಬಾಯಿಗೆ ಹೊರಟಾಗ ಎದುರಾದ ಮೊದಲ ತೊಡಕೇ ಬಟ್ಟೆ. ಮನೆಯೊಳಗೆ ಸುತ್ತಿಕೊಳ್ಳುತ್ತಿದ್ದ ತೆಳು ಸೀರೆಯಲ್ಲಿ ಹೊರಗಿನ ಲೋಕಕ್ಕೆ ಹೋಗುವಂತಿರಲಿಲ್ಲ. ಹೆಂಗಸರನ್ನು ಒಳಗೇ ಇಡುವ ಸಮಾಜಕ್ಕೆ ಹೊರಗಿನ ಉಡುಪು ಯಾಕೆ ಬೇಕಿತ್ತು?

ಬೊಂಬಾಯಿಯ ಪಾರ್ಸಿ ಹೆಂಗಸರು ಸೀರೆ ಉಡುವ ಬಗೆ ನೋಡಿ, ಅದನ್ನು ತನಗೆ ಬೇಕಾದಂತೆ ಬದಲಿಸಿಕೊಂಡು, ಸೆರಗನ್ನು ಎಡ ಹೆಗಲಿಗೆ ತಂದಳು. ಜೊತೆಗೆ ರವಿಕೆ, ಲಂಗ. ಕಲ್ಕತ್ತಾದ ಬ್ರಹ್ಮಸಮಾಜದ ಹೆಂಗಸರು ಇದನ್ನು ಅನುಸರಿಸಿದ್ದರಿಂದ 'ಬ್ರಹ್ಮಿಕಾ' ಸೀರೆ ಎಂಬ ಹೆಸರು ಬಂತು. ಇಂದು ದೇಶದ ತುಂಬ ಕಾಣುವ ಉಡುಗೆಗೆ ದಾರಿ ಮಾಡಿದ್ದರಲ್ಲಿ ಇದೂ ಒಂದು.

ಇದಕ್ಕೆ ಇನ್ನೊಂದು ಮುಖವೂ ಇದೆ. ಒಂದು ಬಗೆಯ ಸೀರೆ 'ಸಭ್ಯ' ಅನಿಸಿಕೊಂಡಂತೆ ಉಳಿದವು 'ಹಳ್ಳಿಯವು' ಅನಿಸಿಕೊಂಡವು. ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡಲು ಅನುಕೂಲವಾದ ಕಚ್ಚೆ ಸೀರೆಯನ್ನು ನಮ್ಮಜ್ಜಿ ಕೊನೆತನಕ ಉಟ್ಟರು. ನಮ್ಮಮ್ಮ ಉಡಲಿಲ್ಲ. ನನಗೆ ಉಡಲು ಬರೋದೇ ಇಲ್ಲ. ಹಿಂದಕ್ಕೆ ನೆರಿಗೆ ಬಿಡುವ ಕೊಡಗಿನ ಸೀರೆ ಮದುವೆಮನೆಗಳಲ್ಲಾದರೂ ಎದ್ದು ಕಾಣುತ್ತದೆ. ಕಚ್ಚೆ ಸೀರೆಗೆ ನಮ್ಮ ಮನೆಯಲ್ಲಿ ಆ ಭಾಗ್ಯವೂ ಇಲ್ಲ.

ಪ್ಯಾಂಟು ಹಾಕಿದ್ದಕ್ಕೆ ಅಪಹಾಸ್ಯ

1800ರಲ್ಲಿ ಪ್ಯಾರಿಸ್ ಪೊಲೀಸರು ಒಂದು ಆದೇಶ ಹೊರಡಿಸಿದರು. ಗಂಡಸರ ಉಡುಪು ಧರಿಸಬೇಕಾದ ಹೆಂಗಸರು ಪೊಲೀಸ್ ಅನುಮತಿ ಪಡೆಯಬೇಕು. ಅದು ಅಸಿಂಧು ಎಂದು ಸರ್ಕಾರ ಅಧಿಕೃತವಾಗಿ ಹೇಳಿದ್ದು ಯಾವಾಗ ಗೊತ್ತಾ? 2013ರಲ್ಲಿ!

ಅಮೆರಿಕದಲ್ಲಿ ಅಮೇಲಿಯಾ ಬ್ಲೂಮರ್ 1849ರಲ್ಲಿ 'ದಿ ಲಿಲಿ' ಎಂಬ ಮಹಿಳಾ ಪತ್ರಿಕೆ ಶುರು ಮಾಡಿದರು. 1851ರಲ್ಲಿ, ಮಂಡಿ ದಾಟುವ ಲಂಗದ ಕೆಳಗೆ ಸಡಿಲ ಷರಾಯಿ ತೊಡುವ ಉಡುಪಿನ ಪರ ಬರೆದರು. ಮೊದಲು ತೊಟ್ಟವರು ಎಲಿಜಬೆತ್ ಸ್ಮಿತ್ ಮಿಲ್ಲರ್, ಹೆಸರು ಬಂದದ್ದು ಬ್ಲೂಮರ್‌ಗೆ. ಬೀದಿಯಲ್ಲಿ, ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಎಷ್ಟು ಗೇಲಿ ಮಾಡಿದರೆಂದರೆ, ಮತದಾನದ ಹಕ್ಕಿನ ಚರ್ಚೆಯೇ ಹಿಂದೆ ಸರಿಯುತ್ತಿದೆ ಅಂತ ಹೋರಾಟಗಾರ್ತಿಯರು ಕ್ರಮೇಣ ಆ ಉಡುಪನ್ನು ಕೈಬಿಟ್ಟರು. ಹೆಣ್ಣಿನ ವಾದಕ್ಕೆ ಉತ್ತರವಿಲ್ಲದಾಗ ಆಕೆಯ ಬಟ್ಟೆ ಬಗ್ಗೆ ಮಾತಾಡುವ ಚಾಳಿ ಇವತ್ತಿನ ಟ್ರೋಲ್‌ಗಳು ಕಂಡುಹಿಡಿದಿದ್ದಲ್ಲ.

2022ರಲ್ಲಿ ಕರ್ನಾಟಕದ ಕಾಲೇಜು ಗೇಟುಗಳಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ತಡೆದದ್ದನ್ನು ನಾವು ನೋಡಿದ್ದೇವೆ. ತೊಡಬೇಡ ಅನ್ನುವುದೂ, ತೊಡಲೇಬೇಕು ಅನ್ನುವುದೂ ನನ್ನ ಪ್ರಕಾರ ಒಂದೇ ಅಧಿಕಾರದ ಎರಡು ಮಾತು. ಎರಡರಲ್ಲೂ ಆ ಹುಡುಗಿಯನ್ನು ಕೇಳುವವರಿಲ್ಲ.

ಹೊಲಿದರು, ಹೆಸರು ಬರಲಿಲ್ಲ

ಎಲಿಜಬೆತ್ ಕೆಕ್ಲಿ (1818-1907) ಅಮೆರಿಕದ ವರ್ಜೀನಿಯಾದಲ್ಲಿ ಗುಲಾಮಳಾಗಿ ಹುಟ್ಟಿದಾಕೆ. ಹೊಲಿಗೆಯಿಂದ ಇಡೀ ಮಾಲೀಕ ಕುಟುಂಬವನ್ನೇ ಸಾಕಿದಳು. 1855ರಲ್ಲಿ 1,200 ಡಾಲರ್ ಕೊಟ್ಟು ತನ್ನನ್ನೂ ಮಗನನ್ನೂ ಬಿಡಿಸಿಕೊಂಡಳು. ಗಿರಾಕಿಗಳಿಂದ ಪಡೆದ ಆ ಸಾಲವನ್ನು ಹೊಲಿದೇ ತೀರಿಸಿದಳು. ಮುಂದೆ ಅಧ್ಯಕ್ಷ ಲಿಂಕನ್ ಪತ್ನಿಯ ಉಡುಪುಗಳನ್ನು ಹೊಲಿಯುವ ಮಟ್ಟಕ್ಕೆ ಬೆಳೆದಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರಿಗಾಗಿ 1862ರಲ್ಲಿ ಪರಿಹಾರ ಸಂಘ ಕಟ್ಟಿದಳು. 1868ರಲ್ಲಿ ತನ್ನ ಬದುಕಿನ ಕಥೆ ಬರೆದಾಗ ಬಿಳಿಯರ ಸಮಾಜ ಸಿಟ್ಟಾಯಿತು, ಗಿರಾಕಿಗಳು ಕಡಿಮೆಯಾದರು. ಕೊನೆಯುಸಿರೆಳೆದದ್ದು ನಿರ್ಗತಿಕರ ಆಶ್ರಮದಲ್ಲಿ.

ಆನ್ ಲೋ (1898-1981) ಕಥೆಯೂ ಹೀಗೇ. 1953ರಲ್ಲಿ ಜಾನ್ ಎಫ್. ಕೆನಡಿ ಜೊತೆಗಿನ ಮದುವೆಯಲ್ಲಿ ಜಾಕ್ವೆಲಿನ್ ಧರಿಸಿದ ಉಡುಪು ಈ ಕಪ್ಪು ವಿನ್ಯಾಸಕಿಯದ್ದು. ಮದುವೆಗೆ ಸುಮಾರು ಹತ್ತು ದಿನ ಇದ್ದಾಗ ಆಕೆಯ ಹೊಲಿಗೆಮನೆಗೆ ನೀರು ನುಗ್ಗಿ ಉಡುಪುಗಳು ಹಾಳಾದವು. ಯಾರಿಗೂ ಹೇಳದೆ, ತನ್ನ ಖರ್ಚಿನಲ್ಲೇ ಬಟ್ಟೆ ತಂದು, ಮತ್ತೆ ಹೊಲಿದು ಕೊಟ್ಟಳು. ಲಾಭ ಹೋಗಿ ನಷ್ಟವಾಯಿತು. ಆ ಉಡುಪಿನ ಫೋಟೊ ಲೋಕವೆಲ್ಲ ನೋಡಿತು. ಹೊಲಿದವಳ ಹೆಸರು ಹೆಚ್ಚಿನವರಿಗೆ ಗೊತ್ತಾಗಲಿಲ್ಲ.

ಶನೆಲ್ ಗೊತ್ತು, ವಿಯೊನೆ ಗೊತ್ತಾ?

ಕೊಕೊ ಶನೆಲ್ (1883-1971) ಫ್ಯಾಷನ್ ಚರಿತ್ರೆಯ ಅತಿ ದೊಡ್ಡ ಹೆಸರು. ಒಳಉಡುಪಿಗೆ ಬಳಸುತ್ತಿದ್ದ ಜೆರ್ಸಿ ಬಟ್ಟೆಯಲ್ಲಿ ಸಡಿಲ, ಸರಳ ಉಡುಪು ಮಾಡಿದರು. ಬಡತನದಲ್ಲಿ ಬೆಳೆದ ಅನಾಥ ಹುಡುಗಿ ಸಾಮ್ರಾಜ್ಯ ಕಟ್ಟಿದ್ದು ಸಣ್ಣ ಮಾತಲ್ಲ. ಆದರೆ 1936ರಲ್ಲಿ ಅವರ ಕೆಲಸಗಾರ್ತಿಯರು ಮುಷ್ಕರ ಹೂಡಿದಾಗ ಅವರ ಬೇಡಿಕೆಗೆ ಮೊದಲು ಜಗ್ಗಲಿಲ್ಲ. 1939ರಲ್ಲಿ ಯುದ್ಧ ಶುರುವಾದಾಗ ಉಡುಪಿನ ಘಟಕ ಮುಚ್ಚಿ ಕೆಲಸಗಾರ್ತಿಯರನ್ನು ಮನೆಗೆ ಕಳಿಸಿದರು. ನಾಜಿಗಳು ಪ್ಯಾರಿಸ್ ಆಕ್ರಮಿಸಿದ್ದಾಗ ಜರ್ಮನ್ ಅಧಿಕಾರಿಯೊಬ್ಬನ ಸಂಗಾತಿಯಾಗಿದ್ದರು. ಯಹೂದಿಗಳ ಆಸ್ತಿ ಕಿತ್ತುಕೊಳ್ಳುವ ಕಾನೂನು ಬಳಸಿ, ತಮ್ಮ ಸುಗಂಧದ್ರವ್ಯ ಕಂಪನಿಯನ್ನು ಯಹೂದಿ ಪಾಲುದಾರರಿಂದ ವಶಪಡಿಸಿಕೊಳ್ಳಲು ಯತ್ನಿಸಿದರು.

ಅದೇ ಊರಿನಲ್ಲಿ, ಅದೇ ಕಾಲದಲ್ಲಿ ಮದ್ಲೆನ್ ವಿಯೊನೆ (1876-1975) ಇದ್ದರು. ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ಹೊಲಿಗೆಗೆ ಸೇರಿದವರು. ಬಟ್ಟೆಯನ್ನು ಎಳೆಗಳಿಗೆ ಓರೆಯಾಗಿ ಕತ್ತರಿಸಿ, ಅದು ಮೈಯ ಚಲನೆಗೆ ತಕ್ಕಂತೆ ಹಿಗ್ಗುವಂತೆ ಮಾಡುವ ವಿಧಾನವನ್ನು ಎತ್ತರಕ್ಕೆ ಒಯ್ದರು. ನಮ್ಮ ಟೈಲರ್‌ಗಳು 'ಕ್ರಾಸ್ ಕಟಿಂಗ್' ಬ್ಲೌಸ್ ಅನ್ನುತ್ತಾರಲ್ಲ, ಅದರ ಹಿಂದೆ ಇರುವುದೂ ಇದೇ ತತ್ವ. ನನಗೆ ಇನ್ನೂ ಮುಖ್ಯ ಅನಿಸೋದು ಬೇರೆ: ಫ್ರಾನ್ಸ್‌ನಲ್ಲಿ ಸಂಬಳಸಹಿತ ರಜೆ 1936ರಲ್ಲಿ ಕಾನೂನಾಗುವ ಮುಂಚೆಯೇ ವಿಯೊನೆ ತಮ್ಮ ಕೆಲಸಗಾರ್ತಿಯರಿಗೆ ಅದನ್ನು ಕೊಟ್ಟಿದ್ದರು. ಹೆರಿಗೆ ರಜೆ, ಮಕ್ಕಳ ಪಾಲನಾ ಕೇಂದ್ರ, ವೈದ್ಯರು ಎಲ್ಲವೂ ಇತ್ತು. ಅಂದರೆ ಒಳ್ಳೆಯ ಬಟ್ಟೆಯೂ ಒಳ್ಳೆಯ ಕೂಲಿಯೂ ಒಟ್ಟಿಗೆ ಸಾಧ್ಯವಿತ್ತು.

ಕೊನೆಗೂ ಜೇಬು

ನನ್ನ ಜೇಬಿನ ಪ್ರಶ್ನೆಗೆ ಉತ್ತರ ಕೊಟ್ಟವರು ಅಮೆರಿಕದ ಕ್ಲೇರ್ ಮೆಕಾರ್ಡೆಲ್ (1905-1958). 1942ರಲ್ಲಿ, ಯುದ್ಧದ ನಡುವೆ ಮನೆಗೆಲಸದವರು ಸಿಗದೆ ಮಧ್ಯಮವರ್ಗದ ಹೆಂಗಸರೇ ಅಡುಗೆಮನೆ ನೋಡಿಕೊಳ್ಳುವಾಗ, 'ಪಾಪೋವರ್' ಎಂಬ ಉಡುಪು ಮಾಡಿದರು. ಬೆಲೆ 6.95 ಡಾಲರ್. ದೊಡ್ಡ ಜೇಬು, ಜೊತೆಗೆ ಬಿಸಿ ಪಾತ್ರೆ ಹಿಡಿಯುವ ಕೈಗವಸು. ಕೆಲಸ ಮಾಡುವ ಹೆಣ್ಣಿಗೆ ಏನು ಬೇಕು ಅಂತ ಯೋಚಿಸಿದರೆ ಜೇಬು ತಾನಾಗಿಯೇ ಬರುತ್ತದೆ.

ನಮ್ಮ ಮಂಗಳೂರಿನ ಕಮಲಾದೇವಿ

ಕಮಲಾದೇವಿ ಚಟ್ಟೋಪಾಧ್ಯಾಯ (1903-1988) ವಿನ್ಯಾಸಕಿಯಲ್ಲ. ಆದರೆ ಸ್ವಾತಂತ್ರ್ಯದ ನಂತರ ಭಾರತೀಯರು ಏನು ಉಟ್ಟರು ಎಂಬುದನ್ನು ಅವರಷ್ಟು ಪ್ರಭಾವಿಸಿದವರು ಕಡಿಮೆ. ಮಂಗಳೂರಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಧವೆಯಾಗಿ, ಮರುಮದುವೆಯಾಗಿ, 1926ರಲ್ಲಿ ಮದರಾಸು ಶಾಸನಸಭೆಗೆ ಸ್ಪರ್ಧಿಸಿ, 1930ರ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಸೇರಿಸಿಕೊಳ್ಳುವಂತೆ ಗಾಂಧಿಯನ್ನು ಒಪ್ಪಿಸಿದವರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು, ನೇಕಾರರು, ಕಸೂತಿಯವರು, ಬಣ್ಣ ಹಾಕುವವರನ್ನು ಊರೂರು ಹುಡುಕಿ ಮಾರುಕಟ್ಟೆಗೆ ಜೋಡಿಸಿದರು. ಕೈಮಗ್ಗ ಅವರಿಗೆ ಬರೀ ಅಂದವಲ್ಲ, ಅನ್ನದ ಪ್ರಶ್ನೆ.

ಇನ್ನೊಬ್ಬರು ಕೊಲ್ಹಾಪುರದ ಭಾನು ಅಥೈಯಾ (1929-2020). 'ಗಾಂಧಿ' ಚಿತ್ರದ ವಸ್ತ್ರವಿನ್ಯಾಸಕ್ಕಾಗಿ 1983ರಲ್ಲಿ, ಜಾನ್ ಮೊಲೊ ಜೊತೆ, ಆಸ್ಕರ್ ಪಡೆದ ಮೊದಲ ಭಾರತೀಯರು.

ಹೊಲಿಯುವವರ ಸರದಿ

1911ರ ಮಾರ್ಚ್ 25ರಂದು ನ್ಯೂಯಾರ್ಕ್‌ನ ಟ್ರಯಾಂಗಲ್ ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಹೋಗುವ ಬಾಗಿಲಿಗೆ ಬೀಗ ಹಾಕಿತ್ತು. 146 ಮಂದಿ ಸತ್ತರು, ಬಹುಪಾಲು ವಲಸೆ ಬಂದ ಹುಡುಗಿಯರು. ಅವರು ಹೊಲಿಯುತ್ತಿದ್ದದ್ದು ಆ ಕಾಲದ 'ಆಧುನಿಕ ಹೆಣ್ಣಿನ' ಬ್ಲೌಸು. ಆ ದುರಂತವನ್ನು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ 1933ರಲ್ಲಿ ಅಮೆರಿಕದ ಕಾರ್ಮಿಕ ಸಚಿವೆಯಾದರು. ನೂರು ವರ್ಷ ಕಳೆದರೂ ಪಾಠ ಕಲಿಯಲಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು.

ಬೆಂಗಳೂರಿನ ಹೆಸರೂ ಈ ಚರಿತ್ರೆಯಲ್ಲಿದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು, ಹೆಚ್ಚಿನವರು ಹೆಂಗಸರು, ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಸರ್ಕಾರ ನಿಯಮ ಹಿಂಪಡೆಯಿತು. ಚಿಕ್ಕಮ್ಮನೂ ಅಲ್ಲಿದ್ದರು. "ಲೀಡರ್ ಯಾರಿದ್ರು?" ಅಂತ ಕೇಳಿದ್ದೆ. "ಯಾರೂ ಇಲ್ಲ ಕಣೆ. ಪಕ್ಕದ ಮಿಷಿನ್ನೋಳು ಎದ್ದಳು, ನಾನೂ ಎದ್ದೆ" ಅಂದಿದ್ದರು.

ಮೊನ್ನೆ ಭಾನುವಾರ ಅವರೇ ನನ್ನ ಕುರ್ತಾದ ಪಕ್ಕದ ಹೊಲಿಗೆ ಬಿಚ್ಚಿ, ಹಳೇ ದುಪಟ್ಟಾದ ತುಂಡಿನಿಂದ ಒಂದು ಜೇಬು ಇಟ್ಟುಕೊಟ್ಟರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಕುರ್ತಾದ ಲೇಬಲ್ಲಿನಲ್ಲಿ ಕಂಪನಿಯ ಹೆಸರಿದೆ, ಬಟ್ಟೆ ಒಗೆಯುವ ಸೂಚನೆಯಿದೆ, ದೇಶದ ಹೆಸರಿದೆ. ಹೊಲಿದವಳ ಹೆಸರಿಲ್ಲ. ನಿಮ್ಮ ಮೈಮೇಲಿರುವ ಬಟ್ಟೆಯ ಲೇಬಲ್ ಒಮ್ಮೆ ತಿರುಗಿಸಿ ನೋಡಿ.